ಸದ್ದಿಲ್ಲದ ಅರ್ಧ ಗಂಟೆಯನ್ನು ರದ್ದು ಮಾಡದಿರುವ ಕುರಿತು

ಇಂದ,
ಮೋಸೆಸೆ ತಾವಾಕೆ,
ವಯಸ್ಸು ನಲವತ್ತೊಂಬತ್ತು, ಕಿವಿ ಎರಡೂ ಇವೆ, ಕೆಲಸ ಮಾಡುವುದಿಲ್ಲ,
ಹಡಗುಕಟ್ಟೆ ಕಚೇರಿಯ ಸಾಮಾನು ಗುಮಾಸ್ತ,
ಹೌಮಾಫೂ ಗ್ರಾಮ, ಹಾಪಾಯ್ ದ್ವೀಪಗಳು, ಟೋಂಗಾ.

ಗೆ,
ಮಾನ್ಯ ಇಸಿಲೇಲಿ ಪೌಂಗಾ ಅವರು,
ಬ್ಯಾಂಡ್ ಮಾಸ್ತರರು ಹಾಗೂ ಬ್ಯಾಂಡ್ ಸಮಿತಿಯ ಅಧ್ಯಕ್ಷರು,
ಹೌಮಾಫೂ ಚರ್ಚು.

ವಿಷಯ: ಅರ್ಜಿದಾರನ ಮಗಳು ಕುಮಾರಿ ಸೆಲುವಾಯಾ ದಿನಕ್ಕೆ ಅರ್ಧ ಗಂಟೆ ಮನೆಯಲ್ಲಿ ಕಹಳೆ ಅಭ್ಯಾಸ ಮಾಡಬೇಕೆಂಬ ನಿಯಮವನ್ನು, ಅದರಿಂದ ಯಾವ ಪ್ರಯೋಜನವೂ ಆಗಿಲ್ಲವೆಂಬುದು ಇಡೀ ಊರಿನ ಎದುರು ರುಜುವಾತಾಗಿದ್ದರೂ, ರದ್ದು ಮಾಡದೆ ಮುಂದುವರಿಸುವಂತೆ ಕೋರಿ.

ಉಲ್ಲೇಖ: 1. ತಾವು ಕಳೆದ ಅಕ್ಟೋಬರ್ ಒಂದರಂದು ಮನೆಮನೆಗೂ ಹಂಚಿದ ‘ಮನೆ ಅಭ್ಯಾಸದ ಚೀಟಿ’.
2. ಮೇ ತಿಂಗಳ ಮೊದಲ ಭಾನುವಾರ, ಮಕ್ಕಳ ಹಬ್ಬದ ದಿನ, ಚರ್ಚಿನಲ್ಲಿ ನಡೆದದ್ದು. (ಇದಕ್ಕೆ ಕಾಗದವಿಲ್ಲ. ಮುನ್ನೂರು ಜನ ಸಾಕ್ಷಿಗಳಿದ್ದಾರೆ.)
3. ಸಮಿತಿಯ ಮೇ ಹದಿನಾರರ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ:

1. ಅರ್ಜಿದಾರನು ಹದಿನಾಲ್ಕು ವರ್ಷ ಕಡಲ ತಳಕ್ಕೆ ಮುಳುಗಿ, ಹೊರದೇಶದವರು ಕೊಂಡು ತಿನ್ನುವ ಕಡಲಸೌತೆ ಎಂಬ ಜೀವಿಯನ್ನು ಆರಿಸುತ್ತಿದ್ದವನು. ಆಳ ಹೆಚ್ಚಾದಂತೆ ಸೌತೆ ದಪ್ಪ, ಕಿವಿ ತೆಳು. ಮೊದಲು ಎಡಗಿವಿ ಹೋಯಿತು, ಮುಂದಿನ ವರ್ಷ ಬಲಗಿವಿಯೂ ಹೋಯಿತು. ಅಲ್ಲಿಂದೀಚೆಗೆ ಹನ್ನೊಂದು ವರ್ಷ ಹಡಗುಕಟ್ಟೆಯ ಕಚೇರಿಯಲ್ಲಿ ಕೂತು ಮೂಟೆಗಳಿಗೆ ಚೀಟಿ ಕಟ್ಟುತ್ತ, ಕಳೆದುಹೋದ ಮೂಟೆಗಳ ಬಗ್ಗೆ ಬಂದ ಅರ್ಜಿಗಳನ್ನು ಓದುತ್ತ ಬಂದಿದ್ದಾನೆ. ‘ನಾನು’ ಎಂದು ಶುರುವಾದ ಒಂದು ಅರ್ಜಿಗೂ ನಮ್ಮ ಕಚೇರಿಯಲ್ಲಿ ಮೂಟೆ ಸಿಕ್ಕ ಉದಾಹರಣೆ ಇಲ್ಲ. ಕಾರಣ, ಈ ಅರ್ಜಿಯಲ್ಲಿ ಆ ಪದವನ್ನು ಕೈಬಿಡಲಾಗಿದೆ.

2. ಮಗಳು ಸೆಲುವಾಯಾಳಿಗೆ ಈಗ ಹನ್ನೆರಡು ವರ್ಷ. ಕಿವಿ ಪೂರ್ತಿ ಮುಚ್ಚಿದಾಗ ಅವಳಿನ್ನೂ ಮಾತು ಕಲಿತಿರಲಿಲ್ಲ. ಅರ್ಜಿದಾರ ಕೇಳಿರುವುದು ಅವಳ ಅಳುವನ್ನು ಮಾತ್ರ. ಮಾತು ಹೇಗಿದೆ ಎಂದು ಊರವರನ್ನು ಕೇಳಿದರೆ, “ಚೆನ್ನಾಗೈತೆ, ಜೋರು” ಎನ್ನುತ್ತಾರೆ.

ಮನೆಯಲ್ಲಿ ಅರ್ಜಿದಾರನಿಗೆ ಒಂದು ಮಾತು ಮುಟ್ಟಿಸಬೇಕಾದರೆ ಎದುರು ಬಂದು ನಿಲ್ಲಬೇಕು, ಅವನು ತಲೆ ಎತ್ತುವತನಕ ಕಾಯಬೇಕು, ತುಟಿ ಬಿಡಿಸಿ ಬಿಡಿಸಿ ಹೇಳಬೇಕು. ಮೂರು ಮಕ್ಕಳು, ಏಳೆಂಟು ಹಂದಿ ಇರುವ ಮನೆಯಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? ಆದ್ದರಿಂದ ಕಾಲಕ್ರಮೇಣ ಮನೆಯವರ ಮಾತು ಮೂರು ಸನ್ನೆಗೆ ಇಳಿದಿತ್ತು: ಊಟಕ್ಕೆ ಬಾ, ದೋಣಿ ಬಂತು, ಹಂದಿ ತಪ್ಪಿಸಿಕೊಂಡಿದೆ. ಇದರಲ್ಲಿ ಯಾರದೂ ತಪ್ಪಿಲ್ಲ. ಅರ್ಜಿದಾರನೂ ಹೊಟ್ಟೆ ತುಂಬಿದ, ದೋಣಿ ತಪ್ಪಿಸದ, ಹಂದಿ ಕಳೆದುಕೊಳ್ಳದ ಮನುಷ್ಯನಾಗಿ ಸುಖವಾಗಿಯೇ ಇದ್ದ.

3. ಹೀಗಿರಲು, ಆಕ್ಲೆಂಡಿನಲ್ಲಿ ಇಪ್ಪತ್ತು ವರ್ಷ ಬ್ಯಾಂಡು ಬಾರಿಸಿ ಊರಿಗೆ ಮರಳಿದ ತಾವು, ನಮ್ಮ ಮಕ್ಕಳು ವಾರಕ್ಕೊಮ್ಮೆ ಚರ್ಚಿನ ಹಜಾರದಲ್ಲಿ ಮಾತ್ರ ಊದುತ್ತಾರೆ, ಮನೆಯಲ್ಲಿ ಕಹಳೆಯನ್ನು ಕೋಳಿ ಕೂರುವುದಕ್ಕೆ ಬಿಡುತ್ತಾರೆ ಎಂಬುದನ್ನು ಕಣ್ಣಾರೆ ಕಂಡು, ಉಲ್ಲೇಖ ಒಂದರ ಚೀಟಿಯನ್ನು ಜಾರಿಗೆ ತಂದಿರಿ. ದಿನಾ ಅರ್ಧ ಗಂಟೆ ಅಭ್ಯಾಸ, ಭಾನುವಾರ ರಜೆ. ಮನೆಯ ಹಿರಿಯರು ಎದುರಿಗಿದ್ದು ನೋಡಿ ಸಹಿ ಹಾಕಬೇಕು. ಚೀಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಒಂದು ಪದ್ಯ ಊದಿದ ಮೇಲೆ ತುಟಿಗೆ ವಿಶ್ರಾಂತಿ ಕೊಡತಕ್ಕದ್ದು’ ಎಂದೂ ಇತ್ತು. ಈ ಸಣ್ಣ ಅಕ್ಷರದ ವಿಷಯ ಮುಂದೆ ಬರುತ್ತದೆ.

ಚೀಟಿ ಹಿಡಿದು ಅರ್ಜಿದಾರ ಮನೆಗೆ ಬಂದಾಗ ಹೆಂಡತಿ ಲೋಸಾ ನಕ್ಕಳು. “ನೋಡಿ ಸಹಿ ಹಾಕ್ಬೇಕಂತೆ, ಕೇಳಿ ಅಂತ ಎಲ್ಲಾದ್ರೂ ಬರ್ದಿದ್ಯಾ? ನಿಮಗೇ ಅಂತ ಮಾಡಿದ ಕೆಲಸ ಬಿಡಿ” ಎಂದಳು. ಅರ್ಜಿದಾರ ಚೀಟಿಯನ್ನು ಎರಡು ಸಲ ಓದಿದ. ಅವಳು ಹೇಳಿದ್ದು ಸರಿಯಾಗಿತ್ತು.

4. ಆ ಪ್ರಕಾರ ದಿನಾ ಸಂಜೆ ಐದಕ್ಕೆ ಮನೆಯ ಮುಂದಿನ ದೀವಿಹಲಸಿನ ಮರದ ಕೆಳಗೆ ಚಾಪೆ ಹಾಸಿ, ಮಗಳನ್ನು ಎದುರು ಕೂರಿಸಿಕೊಂಡು, ಗಡಿಯಾರ ತೊಡೆಯ ಮೇಲಿಟ್ಟುಕೊಂಡು ಅರ್ಜಿದಾರ ನಿಯಮ ಪಾಲಿಸತೊಡಗಿದ. ಕೆನ್ನೆ ಉಬ್ಬುತ್ತಿದೆಯೇ, ಮೂರು ಗುಂಡಿಗಳ ಮೇಲೆ ಬೆರಳು ಆಡುತ್ತಿದೆಯೇ ಎಂದು ನೋಡುವುದು, ಅರ್ಧ ಗಂಟೆಯಾದ ಮೇಲೆ ಸಹಿ ಹಾಕುವುದು. “ಕಿವುಡನ ಮುಂದೆ ಶಂಖ ಊದಿದ ಹಾಗೆ ಅಂತಾರಲ್ಲ, ಬನ್ರೋ, ಇಲ್ನೋಡಿ, ಊದ್ತಾನೇ ಅವ್ರೆ” ಎಂದು ದಾರಿಹೋಕರು ಬೇಲಿಯಾಚೆ ನಿಂತು ನಗುತ್ತಿದ್ದುದು ಅರ್ಜಿದಾರನಿಗೆ ಅವರ ತುಟಿಯಿಂದಲೇ ತಿಳಿಯುತ್ತಿತ್ತು. ಕಿವುಡನಿಗೆ ಕೇಳುವುದಿಲ್ಲವೆಂದು ಜನ ಬೆನ್ನು ತಿರುಗಿಸದೆಯೇ ಆಡಿಕೊಳ್ಳುತ್ತಾರೆ. ಇದು ನಮಗಿರುವ ಒಂದು ಸೌಲಭ್ಯ.

5. ನವೆಂಬರ್ ಮೊದಲ ವಾರ ಅರ್ಜಿದಾರನ ಅಕ್ಕ ತೆಲೆಸೀಯಾ ಅವರು ತಲೆಶೂಲೆಗೆ ನಮ್ಮೂರ ಮುದುಕಿಯ ಎಲೆಮದ್ದು ಮಾಡಿಸಿಕೊಳ್ಳಲು ವವಾವು ದ್ವೀಪದಿಂದ ದೋಣಿಯಲ್ಲಿ ಬಂದು ಇಳಿದರು. ನಮ್ಮ ದ್ವೀಪಗಳ ಕಟ್ಟಳೆಯಂತೆ ಅಕ್ಕ ಇರುವ ಕೋಣೆಗೆ ತಮ್ಮ ಕಾಲಿಡುವಂತಿಲ್ಲ, ಎದುರೆದುರು ಕೂತು ಹರಟುವಂತಿಲ್ಲ, ಅಕ್ಕನ ಮಾತಿಗೆ ತಮ್ಮನ ಮನೆಯಲ್ಲಿ ಎದುರಾಡುವಂತಿಲ್ಲ. ಇನ್ನು ಮಕ್ಕಳಿಗೆ ಸೋದರತ್ತೆ ಎಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಮೇಲೆ. ತಾವು ಇಪ್ಪತ್ತು ವರ್ಷ ಹೊರಗಿದ್ದು ಬಂದವರಾದ್ದರಿಂದ ಇದನ್ನು ನೆನಪಿಗೆ ತರಲಾಗಿದೆ, ಅನ್ಯಥಾ ಭಾವಿಸಬಾರದು. ಅರ್ಜಿದಾರ ಅದೇ ದಿನ ತನ್ನ ಚಾಪೆ, ದಿಂಬು ಎತ್ತಿಕೊಂಡು ಹಿಂದಿನ ಅಡಿಗೆ ಗುಡಿಸಲಿಗೆ ಹೋದ. ಅಕ್ಕ ಏನಾದರೂ ಹೇಳಬೇಕಾದರೆ ಸೆಲುವಾಯಾಳ ಬಾಯಲ್ಲಿ ಹೇಳಿ ಕಳಿಸುತ್ತಿದ್ದರು.

ಮರುದಿನ ಸಂಜೆ ಕಿಟಕಿಯಲ್ಲಿ ನಡೆದ ಮಾತನ್ನು ಲೋಸಾ ಆಮೇಲೆ, ಎಲ್ಲ ಮುಗಿದ ಮೇಲೆ, ಸ್ಲೇಟಿನಲ್ಲಿ ಬರೆದು ತೋರಿಸಿದಳು. ಅದನ್ನು ಇದ್ದ ಹಾಗೆ ಇಲ್ಲಿ ಇಳಿಸಲಾಗಿದೆ.

“ಏ ಸೆಲು, ಏನೇ ಅದು, ಹಂದಿ ಮರಿ ಹಾಕ್ತಿದ್ಯಾ? ನಿಲ್ಸೇ ಸಾಕು, ನನ್ ತಲೆ ಸಿಡೀತಿದೆ.”

“ಅತ್ತೆ, ಅಪ್ಪ ದಿನಾ ಅರ್ಧ ಗಂಟೆ ಊದ್ಲೇಬೇಕು ಅಂದಿದಾರೆ.”

“ಊದ್ಬೇಡ ಅಂದೆ ಅಂತ ನಿಮ್ಮಪ್ಪಂಗೆ ಹೇಳು ಹೋಗು.”

ಹುಡುಗಿ ಹೋಗಿ ಹೇಳಲಿಲ್ಲ. ಅತ್ತೆಯ ಮಾತು ಮೀರುವ ಹಾಗಿಲ್ಲ, ಅಪ್ಪನ ಮಾತನ್ನೂ ಮೀರುವ ಹಾಗಿಲ್ಲ. ಅವಳು ಬಂದು ಚಾಪೆಯ ಮೇಲೆ ಕೂತು, ಕಹಳೆಯನ್ನು ತುಟಿಗಿಟ್ಟು, ಕೆನ್ನೆ ಉಬ್ಬಿಸಿ, ಗುಂಡಿ ಒತ್ತುತ್ತ, ಉಸಿರನ್ನು ಮಾತ್ರ ಮೂಗಿನಲ್ಲಿ ಬಿಟ್ಟಳು. ಅಕ್ಕನ ಮದ್ದು ಮುಗಿಯಲಿಲ್ಲ, ಹೀಗೆ ಏಪ್ರಿಲ್ ಕೊನೆಯತನಕ ನಡೆಯಿತು. ಅರ್ಜಿದಾರ ಒಂದು ದಿನವೂ ತಪ್ಪದೆ ಸಹಿ ಹಾಕಿದ. ಒಟ್ಟು ನೂರ ಎಂಬತ್ತೆರಡು ಸಹಿ. ತಮ್ಮ ಮನೆ ಹಡಗುಕಟ್ಟೆಯ ಬಳಿ, ಊರಿನ ಆ ತುದಿಯಲ್ಲಿರುವುದರಿಂದಲೂ, ವಾರದ ಅಭ್ಯಾಸದಲ್ಲಿ ಅವಳು ಮೂವತ್ತು ಮಂದಿಯ ನಡುವೆ ಮೂರನೇ ಸಾಲಿನಲ್ಲಿ ಕೂರುತ್ತಿದ್ದುದರಿಂದಲೂ ತಮಗೆ ಇದು ತಿಳಿಯಲಿಲ್ಲ. ಅಕ್ಕಪಕ್ಕದವರಿಗೆಲ್ಲ ತಿಳಿದಿತ್ತು. ಅವರ್ಯಾರೂ ಬಾಯಿ ಬಿಡಲಿಲ್ಲ. ಗಡಿಯಾರ ಹಿಡಿದು ಕೂತವನ ಮುಖ ನೋಡಿ ಹೇಳಲು ಮನಸ್ಸಾಗಲಿಲ್ಲವೆಂದು ಈಗ ಹೇಳುತ್ತಾರೆ.

6. ಮಕ್ಕಳ ಹಬ್ಬಕ್ಕೆ ಯಾರ ಚೀಟಿ ಪೂರ್ತಿ ತುಂಬಿದೆಯೋ ಅವರು ಒಂಟಿಯಾಗಿ ಒಂದು ಪದ್ಯ ಊದಬೇಕೆಂದು ತಾವು ಘೋಷಿಸಿದಿರಿ. ಊರಿನ ಮೂವತ್ತೊಂದು ಚೀಟಿಗಳಲ್ಲಿ ಒಂದೂ ದಿನ ಖಾಲಿ ಬಿಡದ ಚೀಟಿ ಅರ್ಜಿದಾರನ ಮನೆಯದು ಒಂದೇ. ಊದಿದ ಮಕ್ಕಳ ಚೀಟಿಗಳಲ್ಲಿ ಜ್ವರ, ನೆಂಟರು, ಮೀನು ಎಂದು ನೂರೆಂಟು ತೂತಿದ್ದವು. ಊದದವಳ ಚೀಟಿ ಮಾತ್ರ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು.

ಅಂದು ಬಿಳಿ ಬಟ್ಟೆ ತೊಟ್ಟು ಅವಳು ವೇದಿಕೆಯ ಮುಂದೆ ನಿಂತಳು. ಊದಿದಳು. ಈ ಸಲ ನಿಜಕ್ಕೂ ಊದಿದಳು, ಕತ್ತಿನ ನರ ಉಬ್ಬಿದ್ದು ಮೊದಲ ಸಾಲಿಗೆ ಕಾಣಿಸಿತು. ಆದರೆ ಆರು ತಿಂಗಳು ಪಳಗದ ತುಟಿ. ಬರಿಯ ಗಾಳಿ ಬಂತಂತೆ. ಅರ್ಜಿದಾರ ಜನರ ಮುಖ ನೋಡಿದ. ಮೊದಲು ಮಕ್ಕಳು ನಕ್ಕರು, ಆಮೇಲೆ ಹಿಂದಿನ ಸಾಲಿನ ಹೆಂಗಸರು ಸೆರಗಿನಷ್ಟಗಲದ ಕರವಸ್ತ್ರ ಬಾಯಿಗಿಟ್ಟುಕೊಂಡರು, ಆಮೇಲೆ ಅವರೇ ಅತ್ತರು. ಅವಳು ನಾಲ್ಕು ಸಾಲನ್ನೂ ಪೂರ್ತಿ ಮುಗಿಸಿಯೇ ಕಹಳೆ ಇಳಿಸಿದಳು. ತಾವು ಆಗ ಪಾದ್ರಿಯವರ ಕಡೆ ತಿರುಗಿ ಹೇಳಿದ್ದನ್ನು ಅರ್ಜಿದಾರ ತುಟಿಯಿಂದ ಓದಿದ್ದಾನೆ: “ಬೆರಳು ಒಂದೂ ತಪ್ಪಿಲ್ಲ. ಸ್ವರ ಒಂದೂ ಬರ್ಲಿಲ್ಲ.”

7. ಮೇ ಹದಿನಾರರಂದು ಸಮಿತಿ ವಿಚಾರಣೆಗೆ ಕೂತಿತು. ತಾವು ಸೌಮ್ಯವಾಗಿಯೇ ಕೇಳಿದಿರಿ.

“ಏನಮ್ಮಾ ಸೆಲು, ಇಷ್ಟು ದಿನ ಅಪ್ಪಂಗೆ ಟೋಪಿ ಹಾಕಿದ್ಯಾ?”

“ಇಲ್ಲ ಮಾಸ್ತರೇ. ಅತ್ತೆ ಊದ್ಬೇಡ ಅಂದ್ರು, ಅಪ್ಪ ಅಭ್ಯಾಸ ಮಾಡು ಅಂದ್ರು. ಇಬ್ರ ಮಾತೂ ಕೇಳ್ದೆ.”

“ಅತ್ತೆ ಹೀಗಂದ್ರು ಅಂತ ಅಪ್ಪಂಗೆ ಹೇಳ್ಬೋದಿತ್ತಲ್ಲ?”

“ಹೇಳಿದ್ರೆ ಅಪ್ಪ ಕಹಳೆ ವಾಪಸ್ ಕೊಟ್ಬಿಡ್ತಿದ್ರು. ಆಮೇಲೆ ಸಾಯಂಕಾಲ...”

ಅವಳು ಅಲ್ಲಿಗೆ ನಿಲ್ಲಿಸಿದಳು. ಸಾಯಂಕಾಲ ಏನು ಎಂದು ಸಮಿತಿಯಲ್ಲಿ ಯಾರೂ ಕೇಳಲಿಲ್ಲ, ನಡವಳಿ ಪುಸ್ತಕದಲ್ಲೂ ಬರೆದುಕೊಳ್ಳಲಿಲ್ಲ. ಅರ್ಜಿದಾರ ಅವಳ ತುಟಿಯನ್ನೇ ನೋಡುತ್ತಿದ್ದುದರಿಂದ ಆ ಅರ್ಧ ವಾಕ್ಯ ಅವನ ಬಳಿ ಇದೆ.

ಅಕ್ಕ ತೆಲೆಸೀಯಾ ಅವರನ್ನು ಪ್ರಶ್ನಿಸುವ ಧೈರ್ಯ ಸಮಿತಿಗೆ ಇರಲಿಲ್ಲ. ಆದರೂ ಅವರು ತಾವಾಗಿಯೇ ಬಾಗಿಲಲ್ಲಿ ನಿಂತು, ತಮ್ಮನಿರುವ ದಿಕ್ಕಿಗೆ ಬೆನ್ನು ಹಾಕಿ, “ನಾನು ಊದ್ಬೇಡ ಅಂದೆ. ಕೂರ್ಬೇಡ ಅಂದ್ನಾ?” ಎಂದು ಕೇಳಿ ಹೊರಟುಹೋದರೆಂದು ಲೋಸಾ ಬರೆದು ತಿಳಿಸಿದ್ದಾಳೆ.

8. ಸಮಿತಿಯ ಆದೇಶ ದಯಾಪೂರ್ಣವಾಗಿದೆ ಎಂಬುದನ್ನು ಅರ್ಜಿದಾರ ಒಪ್ಪುತ್ತಾನೆ. ಕಹಳೆಯನ್ನು ಕಿತ್ತುಕೊಳ್ಳಲಿಲ್ಲ. ಶಾಲೆ ಬಿಟ್ಟ ಮೇಲೆ ಚರ್ಚಿನ ಹಜಾರದಲ್ಲಿ ತಾವೇ ಎದುರು ಕೂತು ಅವಳಿಂದ ಊದಿಸುವುದು, ತಾವೇ ಸಹಿ ಹಾಕುವುದು, ಅರ್ಜಿದಾರನ ಮನೆಯಿಂದ ಚೀಟಿಯನ್ನು ಹಿಂಪಡೆಯುವುದು ಎಂದು ತೀರ್ಮಾನವಾಯಿತು. “ನಿಂಗೂ ಒಂದು ತಲೆನೋವು ತಪ್ತು ಬಿಡು ಮೋಸೆಸೆ” ಎಂದು ತಾವು ಬೆನ್ನು ತಟ್ಟಿದಿರಿ.

ಅಂದಿನಿಂದ ಹದಿನೆಂಟು ದಿನಗಳಾಗಿವೆ. ಅವಳು ಸಂಜೆ ಆರಕ್ಕೆ ತುಟಿ ಊದಿಸಿಕೊಂಡು ಮನೆಗೆ ಬರುತ್ತಾಳೆ. ಮೊದಲ ಎರಡು ಸಾಲು ಚೆನ್ನಾಗಿ ಬರುತ್ತಿದೆಯೆಂದು ಊರು ಹೇಳುತ್ತಿದೆ. ಅರ್ಜಿದಾರನಿಗೆ ಸಂತೋಷವಾಗಿದೆ. ಅವಳು ಕಹಳೆಯನ್ನು ಮೊಳೆಗೆ ನೇತುಹಾಕಿ, ಕೈಯನ್ನು ಬಾಯಿಯ ಹತ್ತಿರ ತಂದು ‘ಊಟಕ್ಕೆ ಬಾ’ ಎಂದು ಸನ್ನೆ ಮಾಡಿ ಒಳಗೆ ಹೋಗುತ್ತಾಳೆ.

9. ಈಗ ಅರ್ಜಿದಾರನು ಸಮಿತಿಯ ಮುಂದೆ ಮುಚ್ಚಿಟ್ಟ ಸಂಗತಿಯೊಂದನ್ನು ಒಪ್ಪಿಕೊಳ್ಳತಕ್ಕದ್ದಿದೆ.

ಅಕ್ಟೋಬರ್ ತಿಂಗಳಲ್ಲಿ ಸೆಲುವಾಯಾ ಊದಲು ಶುರುಮಾಡಿದ ಕೂಡಲೇ ನಮ್ಮ ತಾಯಿಹಂದಿ ಏಳು ಮರಿಗಳನ್ನು ಕಟ್ಟಿಕೊಂಡು ಎದ್ದು ಕಡಲ ದಂಡೆಗೆ ಹೋಗಿಬಿಡುತ್ತಿತ್ತು. ನವೆಂಬರಿನ ಎರಡನೇ ವಾರ ಅದು ಏಳಲಿಲ್ಲ. ಮೂರು ದಿನ ನೋಡಿದ. ಮೂರು ದಿನವೂ ಹಂದಿ ಚಾಪೆಯ ಅಂಚಿಗೇ ಬಂದು ಮರಿಗಳಿಗೆ ಹಾಲೂಡಿಸುತ್ತ ನಿದ್ದೆ ಮಾಡಿತು. ನಾಲ್ಕನೇ ದಿನ ಅರ್ಜಿದಾರ ಕಹಳೆಯ ಬಾಯಿಗೆ ಏನೋ ಅಂಟಿದೆ ಎಂಬಂತೆ ನಟಿಸಿ ಅಂಗೈ ಇಟ್ಟು ನೋಡಿದ. ಅದು ಒಂದಿಷ್ಟೂ ನಡುಗುತ್ತಿರಲಿಲ್ಲ.

ಅಂದರೆ, ಸುಮಾರು ನೂರೈವತ್ತು ಸಹಿಗಳನ್ನು ಅರ್ಜಿದಾರ ಗೊತ್ತಿದ್ದೂ ಗೊತ್ತಿದ್ದೂ ಹಾಕಿದ್ದಾನೆ. ಮೋಸ ಹೋದವನೆಂದು ಸಮಿತಿ ತೋರಿಸಿದ ಕನಿಕರಕ್ಕೆ ಅವನು ಅರ್ಹನಲ್ಲ.

10. ಹಾಗೆ ಮಾಡಿದ್ದೇಕೆ ಎಂದು ತಾವು ಕೇಳಬಹುದು. ಕಾರಣ ಚೀಟಿಯ ಸಣ್ಣ ಅಕ್ಷರಗಳಲ್ಲಿದೆ. ಪ್ರತಿ ಪದ್ಯದ ನಂತರ ತುಟಿಗೆ ವಿಶ್ರಾಂತಿ ಕೊಡಬೇಕಿತ್ತಷ್ಟೆ. ಆ ವಿಶ್ರಾಂತಿಯಲ್ಲಿ ಸುಮ್ಮನೆ ಕೂರಲಾರದೆ ಅವಳು ಮಾತಾಡತೊಡಗಿದಳು. ಅರ್ಜಿದಾರ ಹೇಗೂ ಎದುರಿಗಿದ್ದ, ತಲೆ ಎತ್ತಿಯೇ ಇದ್ದ, ಬೇರೆ ಕಡೆ ನೋಡುವಂತಿರಲಿಲ್ಲ. ಮೊದಮೊದಲು, “ಅಪ್ಪ, ಇದು ನೂರ ಹದಿನೇಳನೇ ಹಾಡು” ಎನ್ನುತ್ತಿದ್ದಳು, ಅಷ್ಟೇ. ಡಿಸೆಂಬರ್ ಹೊತ್ತಿಗೆ, “ಅಪ್ಪ, ನಮ್ಮ ಟೀಚರ್ ಇದಾರಲ್ಲ, ಅವ್ರು ಪಾಠ ಮಾಡ್ತಾ ಮಾಡ್ತಾ ನಿಂತ್ಕೊಂಡೇ ನಿದ್ದೆ ಹೊಡೀತಾರೆ, ನೋಡು, ಹಿಂಗೆ” ಎಂದು ಎದ್ದು ಮಾಡಿ ತೋರಿಸಿದಳು. ಜನವರಿಯಲ್ಲಿ ಯಾರ ಜೊತೆ ಟೂ ಬಿಟ್ಟಿದ್ದಾಳೆ, ಯಾಕೆ ಬಿಟ್ಟಿದ್ದಾಳೆ ಎಂಬುದು ಮೂರು ದಿನ ನಡೆಯಿತು. ಮಾರ್ಚಿಗೆ ಹತ್ತು ನಿಮಿಷ ಊದದ ಪದ್ಯ, ಇಪ್ಪತ್ತು ನಿಮಿಷ ದಣಿಯದ ತುಟಿಗೆ ವಿಶ್ರಾಂತಿ. ಒಂದು ದಿನ ಅವಳು ಕೇಳಿದಳು: “ಅಪ್ಪ, ಸಮುದ್ರದ ತಳದಲ್ಲಿ ಹೆದ್ರಿಕೆ ಆಗ್ತಿತ್ತಾ?” ಹನ್ನೊಂದು ವರ್ಷದಲ್ಲಿ ಅರ್ಜಿದಾರನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಆಗುತ್ತಿತ್ತು ಎಂದು ಹೇಳಿದ. ಅದನ್ನು ಅವನು ಅಲ್ಲಿಯತನಕ ಹೆಂಡತಿಗೂ ಹೇಳಿರಲಿಲ್ಲ.

ಮಕ್ಕಳ ಹಬ್ಬಕ್ಕೆ ಅವಳ ಹೆಸರು ಬಂದಾಗಲೇ ಅರ್ಜಿದಾರ ತಮ್ಮ ಬಳಿಗೆ ಓಡಿಬಂದು ನಿಜ ಹೇಳಬೇಕಿತ್ತು. ಎರಡು ಸಲ ತಮ್ಮ ಬೇಲಿಯತನಕ ಬಂದು ಹಿಂತಿರುಗಿದ್ದಾನೆ. ಹೇಳಿದರೆ ಚಾಪೆ ಸುತ್ತಿಡಬೇಕಾಗುತ್ತಿತ್ತು. ತನ್ನ ಅರ್ಧ ಗಂಟೆಯ ಆಸೆಗೆ ಮಗಳನ್ನು ಮುನ್ನೂರು ಜನರ ಎದುರು ಬರಿಗಾಳಿ ಊದಲು ನಿಲ್ಲಿಸಿದ ತಪ್ಪು ಅರ್ಜಿದಾರನದು ಮಾತ್ರ. ಅದಕ್ಕೆ ಸಮಿತಿ ಯಾವ ದಂಡ ವಿಧಿಸಿದರೂ ಸರಿ.

11. “ನಿಮ್ಮ ಮಗಳೇ ತಾನೆ, ಬಾ ಕೂತ್ಕೋ ಅಂದ್ರೆ ಕೂರಲ್ವಾ? ಅದಕ್ಕೂ ಒಂದು ಅರ್ಜಿನಾ?” ಎಂದು ಲೋಸಾ ಕೇಳಿದಳು. ಅರ್ಜಿದಾರ ಅದನ್ನೂ ಮಾಡಿ ನೋಡಿದ್ದಾನೆ. ಕಳೆದ ಮಂಗಳವಾರ ಚಾಪೆ ಹಾಸಿ ಕರೆದ. ಅವಳು ಬಂದು ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. “ಏನಪ್ಪಾ?” ಎಂದಳು. ಏನೂ ಇಲ್ಲ ಎಂದ. ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಬಂದವರ ಹಾಗೆ ಇಬ್ಬರೂ ಐದು ನಿಮಿಷ ಕೂತು ಎದ್ದರು. ಕೆಲಸವಿಲ್ಲದೆ ಎದುರು ಕೂರುವುದಕ್ಕೆ ಅಪ್ಪನಿಗೂ ಮಗಳಿಗೂ ನಾಚಿಕೆ. ನಡುವೆ ಒಂದು ಕಹಳೆ ಬೇಕು, ಒಂದು ನಿಯಮ ಬೇಕು, ಮೇಲಿನವರ ಭಯ ಬೇಕು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಅರ್ಜಿದಾರನು ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ:

(ಅ) ಹಜಾರದ ಅಭ್ಯಾಸ ಹಾಗೆಯೇ ಮುಂದುವರಿಯಲಿ. ಅವಳು ಊದುವುದನ್ನು ಕಲಿಯಲಿ. ಕೇಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ.

(ಆ) ಅದಲ್ಲದೆ, ಮನೆಯಲ್ಲಿ ಅರ್ಧ ಗಂಟೆಯ ಅಭ್ಯಾಸವನ್ನೂ ಅವಳಿಗೆ ಕಡ್ಡಾಯ ಮಾಡತಕ್ಕದ್ದು. ಇದರಲ್ಲಿ ಸದ್ದು ಬರಲೇಬೇಕೆಂಬ ಷರತ್ತು ಬೇಡ. ತುಟಿಗೆ ವಿಶ್ರಾಂತಿ ಕೊಡಬೇಕೆಂಬ ಸಾಲನ್ನು ಸಾಧ್ಯವಾದರೆ ದಪ್ಪ ಅಕ್ಷರದಲ್ಲಿ ಬರೆಸುವುದು.

(ಇ) ಚೀಟಿಯಲ್ಲಿ ‘ಊದಿದಳು’ ಎಂದಿರುವ ಕಡೆ ‘ಕೂತಿದ್ದಳು’ ಎಂದು ತಿದ್ದಿಸಿಕೊಡುವುದು. ಇನ್ನು ಮುಂದೆ ಅರ್ಜಿದಾರ ಸುಳ್ಳು ಸಹಿ ಹಾಕಲಾರ.

(ಈ) ಒಂಬತ್ತನೇ ಅಂಶವನ್ನು ಸೆಲುವಾಯಾಳಿಗೆ ತಿಳಿಸಬಾರದು. ಅಪ್ಪನ ಸಂತೋಷವನ್ನು ತಾನೊಬ್ಬಳೇ ಆರು ತಿಂಗಳು ಕಾಪಾಡಿದೆ ಎಂದು ಅವಳು ತಿಳಿದಿದ್ದಾಳೆ. ಅದು ನಿಜವೂ ಹೌದು.

ಒಂಬತ್ತನೇ ಅಂಶ ಓದಿದ ಮೇಲೆ ಸಮಿತಿಯು ವಿಶ್ವಾಸಕ್ಕೆ ಅರ್ಹನಲ್ಲವೆಂದು ಬರೆದಿಟ್ಟರೂ,
ತಮ್ಮ ವಿಶ್ವಾಸಿ,
ಮೋಸೆಸೆ ತಾವಾಕೆ
(ಈ ಸಹಿ ನಿಜವಾದದ್ದು)

ಹೌಮಾಫೂ, ಜೂನ್ ಮೂರು.

ಲಗತ್ತುಗಳು:
1. ನೂರ ಎಂಬತ್ತೆರಡು ಸಹಿಗಳುಳ್ಳ ಚೀಟಿ, ಆದೇಶದಂತೆ ಒಪ್ಪಿಸಲಾಗಿದೆ. ತನಿಖೆ ಮುಗಿದ ಮೇಲೆ ಹಿಂದಿರುಗಿಸುವುದು.
2. ಅಕ್ಕ ತೆಲೆಸೀಯಾ ಅವರ ಹೇಳಿಕೆ, ಲೋಸಾಳ ಕೈಬರಹದಲ್ಲಿ: ‘ತಲೆನೋವು ವಾಸಿಯಾಗಿದೆ. ಬೇಕಾದ್ರೆ ಊದ್ಕೊಳ್ಳಿ.’
3. ಅರೆದು ಕುಡಿಯುವ ಕಾವಾ ಬೇರು ಒಂದು ಕಟ್ಟು, ಹೆಣೆದ ಚಾಪೆ ಒಂದು. ಇದು ಲಂಚವಲ್ಲ. ಬರಿಗೈಯಲ್ಲಿ ಕ್ಷಮೆ ಕೇಳಿದರೆಂದು ಊರು ಆಡಿಕೊಂಡರೆ ಅರ್ಜಿದಾರನ ಹೆಂಡತಿ ಚರ್ಚಿಗೆ ಬರುವುದಿಲ್ಲ ಎಂದಿದ್ದಾಳೆ.

ಷರಾ: ಈ ಅರ್ಜಿಗೆ ತಮ್ಮ ಉತ್ತರವನ್ನು ಕಾಗದದಲ್ಲಿ ಬರೆದು ಕಳಿಸುವುದು ಬೇಡ. ಸೆಲುವಾಯಾಳ ಬಾಯಲ್ಲಿ ಹೇಳಿ ಕಳಿಸಬೇಕು. ಅವಳು ಎದುರು ಕೂತು ನಿಧಾನವಾಗಿ ಹೇಳಿದರೆ ಅರ್ಜಿದಾರನಿಗೆ ತಿಳಿಯುತ್ತದೆ. ಆಗಬಹುದು ಎಂದಾಗಲಿ, ಆಗುವುದಿಲ್ಲ ಎಂದಾಗಲಿ ಒಂದೇ ಮಾತಿನಲ್ಲಿ ಮುಗಿಸದೆ, ದಯವಿಟ್ಟು ಉತ್ತರವನ್ನು ಆದಷ್ಟೂ ಉದ್ದ ಮಾಡಿ ಹೇಳುವುದು.